ಕುರ್ಚಿಗಳ ಕಾಲುಚೀಲ

ನವೆಂಬರ್ ೧೨, ಬುಧವಾರ

ಕಾಲುಚೀಲಗಳು ಇನ್ನೂ ನನ್ನ ಬ್ಯಾಗಿನಲ್ಲೇ ಇವೆ. ಒಂದನ್ನೂ ಕೊಟ್ಟಿಲ್ಲ.

ದೊಡ್ಡಮ್ಮನ ಮೇಲಿನ ಮಹಡಿಯವರು ಹಗಲು ರಾತ್ರಿಯೆನ್ನದೆ ದರದರ ಕುರ್ಚಿ ಎಳೆಯುತ್ತಾರೆ. ಕೇಳಲು ಹೋದರೆ ಮೈಮೇಲೇ ಬರುತ್ತಾರೆ. ಜೀವಮಾನವೆಲ್ಲ ಬಟ್ಟೆ ಹೊಲಿದವಳು ದೊಡ್ಡಮ್ಮ. ಜಗಳ ಅವಳಿಗೆ ಬರುವುದಿಲ್ಲ. ಹಳೆಯ ಕೋಟೊಂದನ್ನು ಕತ್ತರಿಸಿ, ಅವರ ಕುರ್ಚಿಗಳ ಕಾಲಿಗೆಂದು ಪುಟ್ಟ ಪುಟ್ಟ ಕಾಲುಚೀಲ ಹೊಲಿದು, ಎಲಾಸ್ಟಿಕ್ಕನ್ನೂ ಹಾಕಿಟ್ಟಿದ್ದಳು. "ಬೈಬೇಡ ಕಣೋ, ನಗ್ತಾ ಕೊಟ್ಟು ಬಾ" ಎಂದಳು.

ಬೈಯುವುದಂತೆ! ಬಾಗಿಲು ತೆರೆದವನು ಚೌಕಟ್ಟಿನ ತುಂಬ ನಿಂತ. "ಮುದುಕಿಗೆ ನಿದ್ದೆ ಬರ್ದಿದ್ರೆ ನಾವೇನ್ ಗಾಳೀಲಿ ಓಡಾಡ್ಬೇಕಾ? ಇನ್ನೊಂದ್ಸಲ ಮೆಟ್ಟಿಲು ಹತ್ತಿದ್ರೆ ಇಳಿಯೋಕೆ ಕಾಲಿರಲ್ಲ." ತೆರೆದಿದ್ದ ಬ್ಯಾಗಿನ ಜಿಪ್ಪನ್ನು ಮತ್ತೆ ಎಳೆದುಕೊಂಡೆ. "ಸಾರಿ ಸರ್" ಎಂದೆ. ಸರ್ ಬೇರೆ ಕೇಡು!

ಕೆಳಗೆ ದೊಡ್ಡಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಮುಖ ನೋಡಿ, "ತಗೊಂಡ್ರು ದೊಡ್ಡಮ್ಮ, ಖುಷಿಪಟ್ರು" ಎಂದುಬಿಟ್ಟೆ.

ಸಂಜೆ ಮತ್ತೆ ಕುರ್ಚಿ ಎಳೆದರು, ಗೋಡೆಯ ಗಡಿಯಾರ ನಡುಗುವಷ್ಟು. ದೊಡ್ಡಮ್ಮ ತಲೆಯೆತ್ತಿ ಆಲಿಸಿದಳು. "ಈಗ ಸ್ವಲ್ಪ ಕಡಿಮೆ ಅಲ್ವೇನೋ?"

ಹೂಂ ಎಂದೆ.

ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅವಳೇ ಅಂದಳು: "ಅಷ್ಟೇನ್ ಕೆಟ್ಟೋರಲ್ಲ ಬಿಡು, ಪಾಪ. ನಾಳೆ ನಾನೇ ಮೇಲೆ ಹೋಗಿ, ಕಾಲುಚೀಲ ಸರಿಯಾಗಿ ಕೂತಿದ್ಯಾ ನೋಡ್ಕೊಂಡು, ಒಂದ್ ಥ್ಯಾಂಕ್ಸ್ ಹೇಳಿ ಬರ್ತೀನಿ."

ಬೆಳಿಗ್ಗೆ ಅವಳು ಹೊರಡುವ ಮೊದಲೇ ಫೋನ್ ಮಾಡಬೇಕು. ಮಾಡಿ, ಏನೆಂದು ಹೇಳುವುದು?