ಪರದೇಶದ ಮೇಯರು ತುಂಬಿದ ಉಡಿ

ಇಲಕಲ್ಲ
೧೨-೨-೨೦೦೪

ಚಿ. ಸೌ. ಪ್ರಿಯದರ್ಶಿನಿಗೆ ಅವ್ವನ ಆಶೀರ್ವಾದಗಳು.

ನೀನು, ಅಳಿಯಂದಿರು, ಹೊಟ್ಟೆಯೊಳಗಿನ ತುಂಟನೋ ತುಂಟಿಯೋ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಪತ್ರ ತಡವಾಯಿತು, ಬೈಯಬೇಡ. ಊರಿನ ಅಧ್ಯಕ್ಷಳಾದ ಮೇಲೆ ನಿನ್ನವ್ವನಿಗೆ ರೊಟ್ಟಿ ತಟ್ಟಲೂ ಪುರುಸೊತ್ತಿಲ್ಲ.

ಇಟಲಿಯ ಒಂದು ನೇಕಾರರ ಊರಿನ ಮೇಯರು ನಮ್ಮೂರಿನ ಜೊತೆ, ಎರಡೂ ಕಡೆಯ ನೇಕಾರರು ಹೋಗಿಬಂದು ಕೆಲಸ ಕಲಿಯುವ ಸ್ನೇಹದ ಒಪ್ಪಂದಕ್ಕೆ ಮೊನ್ನೆ ಬಂದಿದ್ದರು. ಸ್ವಾಗತಕ್ಕೆ ಮುಂದೆ ಯಾರು ನಿಲ್ಲಬೇಕು ಎಂಬುದೇ ದೊಡ್ಡ ರಗಳೆ. ಅಧ್ಯಕ್ಷಳು ನಾನು. ಆದರೆ ಸ್ವಾಗತ ಸಮಿತಿಯ ಬಂಡೆಪ್ಪಕಾಕಾ, "ಸಂಗವ್ವಾ, ತಪ್ಪು ತಿಳಿಬ್ಯಾಡ. ಗಂಡ ಇಲ್ಲದಾಕಿ ಆರತಿ ಹಿಡಿದು ನಿಂತ್ರ ಮಂದಿ ಏನಂದಾರು? ನೀ ಹಿಂದ ಕುಂದರು, ಸಹಿ ಮಾಡುಮುಂದ ಕರಿತೇವಿ," ಅಂದರು. ಸಹಿಗೆ ಬೇಕಾದ ಕೈ ಆರತಿಗೆ ಬೇಡವಂತೆ! ಮೈಯೆಲ್ಲ ಉರಿಯಿತು. ಊರಿನ ಮಾನದ ಪ್ರಶ್ನೆಯೆಂದು ಹಿಂದಿನ ಸಾಲಿನಲ್ಲಿ ಕೂತೆ.

ಕಾರಿನಿಂದ ಇಳಿದವರು ಹೆಂಗಸು! ಮೇಯರು ಅಂದರೆ ಗಂಡಸೇ ಎಂದುಕೊಂಡು ಯಾರೂ ವಿಚಾರಿಸಿರಲೇ ಇಲ್ಲ. ಕಾಕಾ ಗಂಡಸರ ತಲೆಗೆ ಸುತ್ತುವ ಜರಿ ಪಟಗ ಹಿಡಿದುಕೊಂಡು ಬೆಪ್ಪಾಗಿ ನಿಂತರು. ಆಕೆ ನಗುತ್ತ ತಲೆ ಬಗ್ಗಿಸಿ ಕಟ್ಟಿಸಿಕೊಂಡೇಬಿಟ್ಟರು. ಪಟಗ ಚೆನ್ನಾಗಿ ಒಪ್ಪಿತ್ತು, ಸುಳ್ಳು ಯಾಕೆ ಹೇಳಲಿ.

ಹೆಂಗಸೆಂದ ಮೇಲೆ ಉಡಿ ತುಂಬಬೇಕಲ್ಲ. ಅಕ್ಕಿ, ಕುಬಸದ ಖಣ, ತೆಂಗಿನಕಾಯಿ ತಂದದ್ದಾಯಿತು. ಕಾಕಾನ ಹೆಂಡತಿ ಸುನಂದಾ, "ನಿಮ್ಮ ಯಜಮಾನ್ರು ಬಂದಿಲ್ಲೇನ್ರಿ?" ಅಂತ ಕೇಳಿದಳು. ಬಾಗಲಕೋಟೆಯ ಕಾಲೇಜಿನ ಮಲಿಕಾ ಮೇಡಂ ಇಬ್ಬರ ಮಾತನ್ನೂ ತಿಳಿಸಿ ಹೇಳುತ್ತಿದ್ದರು. "ತೀರಿಕೊಂಡು ಭಾಳ ವರ್ಷ ಆತಂತ್ರಿ," ಅಂದರು. ಸುನಂದಾ ತಟ್ಟೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು.

ಇನ್ನು ನನ್ನಿಂದ ಕೂಡಲಾಗಲಿಲ್ಲ. ಎದ್ದು ಹೋಗಿ ಅವಳ ಕೈಯಿಂದ ತಟ್ಟೆ ತಗೊಂಡೆ. "ಈಕಿ ಅವರ ಊರ ಹಿರಿಯಾಕಿ, ನಾ ಈ ಊರ ಹಿರಿಯಾಕಿ. ಗಂಡಂದಿರ ಲೆಕ್ಕ ಯಾಕ ಬೇಕ್ರಿ ಇಲ್ಲಿ?" ಅಂದು ಆಕೆಯ ಶಾಲಿನಲ್ಲೇ ಉಡಿ ತುಂಬಿದೆ.

ಮುಂದಿನದನ್ನು ಕೇಳು. ಪಾಪ, ಆಕೆಗೆ ನಮ್ಮ ಪದ್ಧತಿ ಏನು ಗೊತ್ತು? ಎರಡು ಊರಿನ ಹಿರಿಯರು ಪರಸ್ಪರ ಮಾಡಿಕೊಳ್ಳುವ ಮರ್ಯಾದೆ ಎಂದುಕೊಂಡರು. ತಟ್ಟೆಯಿಂದ ಬೊಗಸೆ ತುಂಬ ಅಕ್ಕಿ ತಗೊಂಡು ನನ್ನ ಎದುರು ನಿಂತರು. ನಿಮ್ಮಪ್ಪ ಹೋದ ಮೇಲೆ ಮೊದಲ ಸಲ ಸೆರಗು ಒಡ್ಡಿದೆ. ಅಕ್ಕಿ ಬಿದ್ದಾಗ, ಖರೆ ಹೇಳಬೇಕೆಂದರೆ, ಕುಣಿಯಬೇಕು ಅನ್ನಿಸಿತು. ಮಗ್ಗದ ದುರ್ಗವ್ವ ಒಬ್ಬಳೇ, "ಭಾಳ ಛಲೋ ಆತು ಬಿಡ್ರಿ!" ಎಂದು ಚಪ್ಪಾಳೆ ಹೊಡೆದಳು. ಆಮೇಲೆ ಹೆಂಗಸರೆಲ್ಲ ಹೊಡೆದರು.

ಅದೇ ಹುರುಪಿನಲ್ಲಿ ಒಪ್ಪಂದಕ್ಕೆ ಒಂದು ಮಾತು ಸೇರಿಸಿದೆ: ಇಲ್ಲಿಂದ ಹೋಗುವವರಲ್ಲಿ, ಅಲ್ಲಿಂದ ಬರುವವರಲ್ಲಿ ಅರ್ಧ ಮಂದಿ ಹೆಂಗಸರೇ ಇರಬೇಕು. "ಹೆಂಗಸರು ವಿಮಾನದಾಗ ಹ್ಯಾಂಗ ಹೋಗ್ತಾರ?" ಅಂದರು ಕಾಕಾ. "ಗಂಡಸರು ಹೋದಂಗ, ಕುಂತು ಹೋಗ್ತಾರ," ಅಂದಳು ದುರ್ಗವ್ವ. ಮೇಯರು ನಕ್ಕು ಸಹಿ ಮಾಡಿದರು, ನಾನೂ ಮಾಡಿದೆ. ಮೊದಲ ತಂಡದಲ್ಲಿ ದುರ್ಗವ್ವನೇ ಹೊರಟಿದ್ದಾಳೆ. ಈಗಿನಿಂದಲೇ ಶೇಂಗಾ ಚಟ್ನಿ ಕುಟ್ಟುತ್ತಿದ್ದಾಳೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನನ್ನೂ ಕೂಸನ್ನೂ ಕಾಯಲಿ.

ನಿನ್ನ ಅವ್ವ,
ಸಂಗವ್ವ

ತಾ.ಕ.: ಹೋದ ತಿಂಗಳು ಬಾದಾಮಿಯಲ್ಲಿ ನಿನ್ನ ಸೀಮಂತದ ಕುಬಸದ ದಿನ ನಿಮ್ಮ ಅತ್ತೆ ನನ್ನನ್ನು ಪಡಸಾಲೆಯಿಂದ ಆಚೆ ಕೂಡಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕಲಿತದ್ದು ಅಷ್ಟೇ. ಆದರೆ ನೀನು ಉಡಿ ತುಂಬಿಸಿಕೊಂಡು ನನ್ನ ಮುಂದೆಯೇ ಹಾದುಹೋದೆ, ಮುಖ ಆ ಕಡೆ ತಿರುಗಿಸಿಕೊಂಡು. ಅಪಶಕುನವಾದೀತೆಂದು ನೀನೂ ಹೆದರಿದೆಯಾ, ಮಗಳೇ? ಬಾಣಂತನಕ್ಕೆ ಬಂದಾಗ ನಿನ್ನ ಉಡಿ ನಾನೇ ತುಂಬುತ್ತೇನೆ. ಸೆರಗು ಒಡ್ಡುತ್ತೀಯೋ ಇಲ್ಲವೋ, ನಿಶ್ಚಯ ಮಾಡಿಕೊಂಡು ಬಾ.