ಗದ್ದ ಸ್ವಲ್ಪ ಮೇಲೆ

ಅಪ್ಪಾ, ಈ ವಾಯ್ಸ್ ನೋಟ್ ಕೇಳೋಕೆ ನೀನಿಲ್ಲ, ಗೊತ್ತು. ಆದ್ರೂ ಬೈಯದೆ ಇರೋಕಾಗ್ತಿಲ್ಲ. ನೀನು ತೀರ್ಕೊಂಡು ಎಂಟು ತಿಂಗಳಾಯ್ತು, ನಿನ್ನ ಫೋಟೋ ಸ್ಟುಡಿಯೋ ಚಾಳಿ ಮಾತ್ರ ನನ್ನ ಬಿಟ್ಟಿಲ್ಲ. ಇವತ್ತು ಅದ್ರಿಂದ ಮಾನ ಹೋಯ್ತು.

ಈ ಯೂನಿವರ್ಸಿಟಿ ಟೀಮುಗಳ ಹಿಂದೆ ಕ್ಯಾಮೆರಾ ಹೊತ್ಕೊಂಡು ಒಂದು ವರ್ಷ ಅಲೆದಿದೀನಿ. ಇವತ್ತು ಕೊನೇ ಓಟ, ನೂರು ಮೀಟರ್ ಫೈನಲ್. ನಮ್ಮ ಟೀಮಿನ ಹುಡುಗಿಗೂ ಅದೇ ಕೊನೇದು, ಮುಂದಿನ ತಿಂಗಳು ಅವಳ ಓದು ಮುಗಿಯತ್ತೆ. ಎಲ್ಲರೂ ಗೆರೆ ಹತ್ರ ತಲೆ ತಗ್ಗಿಸಿ ಬಗ್ಗಿದ್ರು, ಇಡೀ ಮೈದಾನ ಗಪ್‌ಚುಪ್. ನಾನು ಟ್ರ್ಯಾಕ್ ಅಂಚಲ್ಲಿ ಅವಳಿಗೆ ಎದುರಾಗೇ ಕೂತಿದ್ದೆ. ಮುಖ ಕಾಣ್ತಿಲ್ವಲ್ಲ ಅನ್ನೋ ಕಿರಿಕಿರಿಗೆ, ನೀನು ದಿನಕ್ಕೆ ನೂರು ಸಲ ಹೇಳ್ತಿದ್ದ ಮಾತು ಬಾಯಿಂದ ಬಂದೇಬಿಡ್ತು: "ಗದ್ದ ಸ್ವಲ್ಪ ಮೇಲೆ, ಅಲ್ಲಾಡ್ಬೇಡಿ!"

ಅವಳು ಗದ್ದ ಎತ್ತಿದ್ಲು. ಅಲ್ಲಾಡ್ಲಿಲ್ಲ. ನಾನು ಕ್ಲಿಕ್ ಮಾಡ್ದೆ. ಪಿಸ್ತೂಲು ಢಂ ಅಂತು, ಉಳಿದೋರೆಲ್ಲ ಓಡಿಹೋದ್ರು.

"ಇದೇನು ಪಾಸ್‌ಪೋರ್ಟ್ ಫೋಟೋನೇನಯ್ಯಾ?" ಅಂತ ಕೋಚ್ ಎಲ್ಲರೆದುರು ಉಗಿದ್ರು.

ಆಮೇಲೆ ಆ ಹುಡುಗಿ, ಎಂಟು ಜನರಲ್ಲಿ ಎಂಟನೇವಳಾಗಿ ಬಂದೋಳು, ಮೂಗೊರೆಸ್ಕೊಂಡು ಹತ್ರ ಬಂದ್ಲು. ತಪ್ಪಾಯ್ತಮ್ಮಾ ಅಂದೆ.

"ಆಗಿದ್ದಾಯ್ತು ಬಿಡಿ ಅಣ್ಣಾ. ಆ ಫೋಟೋ ಕೊಡಿ. ಅಮ್ಮ ವರ್ಷದಿಂದ ಕೇಳ್ತಿದಾಳೆ. ನೀವು ತೆಗೆದಿದ್ರಲ್ಲೆಲ್ಲ ನಂದು ಬರೀ ಕಾಲೇ ಇದೆ."

ಅಲ್ಲೇ ಕಳಿಸ್ದೆ. ನೀನೂ ಫೋನ್ ಮಾಡಿದಾಗೆಲ್ಲ "ನಿಂದೊಂದು ಫೋಟೋ ಕಳ್ಸೋ" ಅಂತ ತಲೆ ತಿಂತಿದ್ದೆ. ನಾನು ನಿಂಗೆ ಕಳಿಸಿದ್ದೆಲ್ಲ ಸ್ಟೇಡಿಯಮ್ಮೇ.