ಮೈಸೂರಿಗೆ ಹೋಗಿ ಹುಬ್ಬಳ್ಳಿಗೆ ಹಾರಿದ್ದು

ಗುಬ್ಬಿ
18 ಜೂನ್ 2023

ಪ್ರೀತಿಯ ತಮ್ಮ ಕಾಂತುವಿಗೆ ಅಕ್ಕನ ಆಶೀರ್ವಾದ.

ನಿನ್ನ ಗೃಹಪ್ರವೇಶ ಮುಗಿಸಿಕೊಂಡು ನಾವು ಊರು ಸೇರಿ ಎರಡು ವಾರವಾಯಿತು, ಈಗ ಬರೆಯುತ್ತಿದ್ದೇನೆ, ಬೈಯಬೇಡ. ಫೋನ್ ಮಾಡಿದರೆ ನೀನು ಮೀಟಿಂಗ್ ಅನ್ನುತ್ತೀಯ. ಇಲ್ಲಿ ನೋಡಿದರೆ ವಿಮಾನದ ಕಥೆ ಕೇಳಲು ಬೀದಿಯವರೆಲ್ಲ ಬಂದು ಕೂರುತ್ತಾರೆ. ಪಕ್ಕದ ಮನೆ ಬಸವಲಿಂಗಮ್ಮ ಮೂರು ಸಲ ಕೇಳಿದಳು, ಮೂರು ಸಲವೂ ಕಾಫಿ ಕುಡಿದಳು.

ಬೆಂಗಳೂರಿನಿಂದ ಸೀಟು ಸಿಗಲಿಲ್ಲವೆಂದು ನೀನು ಮೈಸೂರಿನಿಂದ ಟಿಕೆಟ್ ಕಳಿಸಿದಾಗ ನಿಮ್ಮ ಭಾವ ರೇಗಾಡಿದ್ದು ನಿನಗೆ ಗೊತ್ತಿಲ್ಲ. "ಗುಬ್ಬೀಲಿ ರೈಲು ಹತ್ತಿದ್ರೆ ಸೀದಾ ಹುಬ್ಳೀಲಿ ಇಳಿಸ್ತದೆ. ನಿನ್ ತಮ್ಮ ನಮ್ಮನ್ನ ಹಿಂದಕ್ಕೆ ಮೈಸೂರಿಗೆ ಓಡ್ಸಿ, ಅಲ್ಲಿಂದ ಮುಂದಕ್ಕೆ ಹಾರ್ಸ್ತಾನಂತೆ!" ಎಂದರು. ಹಾಗಂದವರೇ ಹೊರಡುವ ಹಿಂದಿನ ದಿನ ಕ್ಷೌರ ಮಾಡಿಸಿಕೊಂಡು, ಹೊಸ ಚಪ್ಪಲಿ ತಂದರು.

ಗಂಗರಾಜುವಿನ ಬಾಡಿಗೆ ಕಾರಿನಲ್ಲಿ ಹೊರಟೆವು. ಕುಣಿಗಲ್‌ನಲ್ಲಿ ತಟ್ಟೆ ಇಡ್ಲಿ ತಿಂದು ಮೈಸೂರು ಮುಟ್ಟಲು ನಾಲ್ಕು ಗಂಟೆ ಹಿಡಿಯಿತು. ಏರ್‌ಪೋರ್ಟು ನಮ್ಮ ಬಸ್‌ಸ್ಟ್ಯಾಂಡಿಗಿಂತ ಚಿಕ್ಕದು ಕಣೋ, ಆದರೆ ಬಲು ಚೊಕ್ಕಟ. ನಿನಗೆಂದು ತಂದಿದ್ದ ಕೊಬ್ಬರಿಯನ್ನು ತಪಾಸಣೆಯವರು ತಡೆದರು. ಬೆಂಕಿ ಹತ್ತುವ ವಸ್ತುವಂತೆ. ನಿಮ್ಮ ಭಾವ ಬಿಡಲಿಲ್ಲ. "ಕೊಬ್ರಿಗಿಂತ ನನ್ ಹೆಂಡ್ತಿ ಬೇಗ ಹೊತ್ಕೋತಾಳೆ ಸಾರ್, ಅವಳನ್ನ ಬಿಟ್ರಲ್ಲ!" ಆ ಗಂಭೀರ ಮುಖದವರೂ ನಕ್ಕುಬಿಟ್ಟರು. ಕೊಬ್ಬರಿಯನ್ನು ಮಾತ್ರ ಬಿಡಲಿಲ್ಲ.

ವಿಮಾನ ಮೇಲೇಳುವಾಗ ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಧಾರೆ ಮಂಟಪ ಬಿಟ್ಟರೆ ನಾಲ್ಕು ಜನರ ಮುಂದೆ ಕೈ ಹಿಡಿದದ್ದು ಅದೇ ಮೊದಲು. ನಾನೂ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಧೈರ್ಯ ಬಂದು, "ನೋಡೇ, ನಮ್ ಗುಬ್ಬಿ ಕೆರೆ!" ಎಂದು ಕೂಗಿದರು. ಈ ದಾರಿಯಲ್ಲಿ ಗುಬ್ಬಿ ಸಿಗೋದಿಲ್ಲ ಎಂದು ಗಗನಸಖಿ ಮೆಲ್ಲಗೆ ಹೇಳಿದಳು. "ಆ ಮಗು ಗುಬ್ಬಿ ನೋಡಿಲ್ಲ ಬುಡು," ಅಂದರು ನನ್ನ ಕಿವಿಯಲ್ಲಿ. ಮುನ್ನೂರ ಎಂಬತ್ತು ಕಿಲೋಮೀಟರ್ ಒಂದೇ ಗಂಟೆಯಲ್ಲಿ ಮುಗಿಯಿತು. ಇಷ್ಟು ಬೇಗ ಇಳಿಸಿದರಲ್ಲ ಎಂದು ಕೊನೆಗೆ ಅವರಿಗೇ ಬೇಜಾರು!

ಹೊರಗೆ ನೀನು ನಿಂತಿದ್ದೆ. ಎಂಟು ವರ್ಷದ ಮೇಲೆ ನೋಡಿ ಕಣ್ಣು ತುಂಬಿತು. ಮನೆ ಚೆನ್ನಾಗಿದೆ, ಗಾಳಿ ಬೆಳಕು ಧಾರಾಳ. ಮಾನಸಾ ನಿನ್ನ ಹೆಂಡತಿ ಅಂತ ಹೊಗಳುತ್ತಿಲ್ಲ, ಅವಳ ಕೈಯ ಒಬ್ಬಟ್ಟು ನನಗೂ ಬರುವುದಿಲ್ಲ. ಇಬ್ಬರೂ ಆ ಮನೆಯಲ್ಲಿ ನೂರು ಕಾಲ ನಗುನಗುತ್ತಾ ಬಾಳಿ.

ನಿನ್ನ ಅಕ್ಕ,
ರಂಗಲಕ್ಷ್ಮಮ್ಮ

ಮರೆತೆ: ಚಿಕ್ಕಂದಿನಿಂದ ನನ್ನನ್ನು "ಬಾರೇ ಅಕ್ಕ, ಕೊಡೇ ಅಕ್ಕ" ಎಂದೇ ಕರೆದವನು ನೀನು. ಅಲ್ಲಿದ್ದ ಎರಡು ದಿನವೂ "ಬನ್ನಿ, ಕೂತ್ಕೊಳ್ಳಿ, ನೀವು ತಗೊಳ್ಳಿ" ಅಂದೆ. ನಿನ್ನ ಆಫೀಸಿನವರು ಇದ್ದಾರೆ, ಅದಕ್ಕೇ ಅಂದುಕೊಂಡೆ. ಅವರು ಹೋದ ಮೇಲೂ ಹಾಗೇ ಅಂದೆ. ಮರ್ಯಾದೆ ಕೊಟ್ಟೆ, ತಪ್ಪಲ್ಲ. ಆದರೆ ಅಮ್ಮನೂ ಹೋದ ಮೇಲೆ ತವರಿನ ಕಡೆ ನನ್ನನ್ನು "ನೀನು" ಅನ್ನುವುದಕ್ಕೆ ಉಳಿದಿದ್ದವನು ನೀನೊಬ್ಬನೇ ಕಣೋ.